ಯಾಕೋಬನ ನಕ್ಷತ್ರ

ಪ್ರಾಚೀನ ಗ್ರಂಥಗಳಲ್ಲಿ ಮಾತಿಗೆ ಮೇಲೆ ತೋರುವ ಅರ್ಥವೊಂದು, ಒಳಗೆ ಅಡಗಿರುವ ಅರ್ಥವೊಂದು. ನಮ್ಮ ಆಲಂಕಾರಿಕರು ಇವನ್ನು ವಾಚ್ಯವೆಂದೂ ಧ್ವನಿಯೆಂದೂ ಬೇರ್ಪಡಿಸಿ ವಿಚಾರ ಮಾಡಿದರು. ಯೆಹೂದ್ಯ ಪಂಡಿತರೂ ತಮ್ಮ ಧರ್ಮಗ್ರಂಥವನ್ನು ಪದರ ಪದರವಾಗಿ ಓದಿದವರೇ. ಸರಳಾರ್ಥ, ಸೂಚನೆ, ವ್ಯಾಖ್ಯಾನ, ರಹಸ್ಯ ಎಂದು ನಾಲ್ಕು ಬಗೆಗಳನ್ನು ಅವರು ಮಧ್ಯಯುಗದಲ್ಲಿ ಎಣಿಸಿದರು. ಕಾವ್ಯದ ಗೂಢಾರ್ಥವನ್ನು ತಪ್ಪಾಗಿ ಊಹಿಸಿದರೆ ರಸಭಂಗವಾದೀತು, ಅಷ್ಟೆ. ಆದರೆ ಒಂದು ಜನಾಂಗದ ಬಿಡುಗಡೆಯ ಆಸೆಯೇ ಒಂದು ವಾಕ್ಯದ ಗೂಢಾರ್ಥವನ್ನು ನೆಚ್ಚಿ ನಿಂತರೆ ಏನಾಗುವುದು? ಹೀಬ್ರೂ ಗ್ರಂಥದ ಒಂದೇ ಒಂದು ವಾಕ್ಯದ ಚರಿತ್ರೆಯನ್ನು ಹಿಡಿದು ಈ ಪ್ರಶ್ನೆಯನ್ನು ನಾವು ಇಂದು ವಿಚಾರ ಮಾಡೋಣ.

ಮೋಶೆಯ ಪಂಚಗ್ರಂಥಗಳಲ್ಲಿ ನಾಲ್ಕನೆಯದಾದ ಅರಣ್ಯಕಾಂಡದ 24ನೆಯ ಅಧ್ಯಾಯದಲ್ಲಿ ಆ ವಾಕ್ಯವುಂಟು. ಇಸ್ರಾಯೇಲ್ ಜನರು ತನ್ನ ಎಲ್ಲೆಯ ಬಳಿ ಬೀಡುಬಿಟ್ಟುದನ್ನು ಕಂಡು ಭಯಗೊಂಡ ಮೋವಾಬಿನ ಅರಸ ಬಾಲಾಕನು, ಅವರನ್ನು ಶಪಿಸುವುದಕ್ಕಾಗಿ ಬಿಳಾಮನೆಂಬ ಪರದೇಶದ ಕಣಿಗಾರನನ್ನು ಕರೆಯಿಸಿದನು. ಶಾಪವನ್ನಾಡಬೇಕೆಂದು ಬಂದವನ ಬಾಯಿಂದ ಹರಕೆಯೇ ಹೊರಟಿತು. ಬಹು ದೂರದ ಕಾಲದಲ್ಲಿ ಯಾಕೋಬನ ವಂಶದಿಂದ ಒಂದು ನಕ್ಷತ್ರವೂ ಒಂದು ರಾಜದಂಡವೂ ಮೂಡಿ ಮೋವಾಬನ್ನು ಮುರಿಯುವುವೆಂದು ಅವನು ನುಡಿದನಂತೆ. ಈ ಬಿಳಾಮನ ಹೆಸರು ಯೆಹೂದ್ಯರ ಗ್ರಂಥದಲ್ಲಿ ಮಾತ್ರವೇ ಇರುವುದಲ್ಲ. ಜೋರ್ಡಾನ್ ನದಿಯ ಪೂರ್ವಕ್ಕಿರುವ ದೇರ್ ಅಲ್ಲಾ ಎಂಬಲ್ಲಿ 1967ರಲ್ಲಿ, ಗಾರೆಯ ಮೇಲೆ ಮಸಿಯಿಂದ ಬರೆದ ಒಂದು ಲೇಖ ದೊರೆಯಿತು. ಕ್ರಿ. ಪೂ. 800ರ ಸುಮಾರಿನದಾದ ಆ ಲೇಖವೂ ಬೆಯೋರನ ಮಗನಾದ ಬಿಳಾಮನನ್ನು ದೇವತೆಗಳ ದರ್ಶನ ಪಡೆದವನೆಂದು ಹೇಳುತ್ತದೆ.

ವಾಕ್ಯದ ಸರಳಾರ್ಥವನ್ನು ಹುಡುಕುವುದು ಕಷ್ಟವಲ್ಲ. ಮೋವಾಬನ್ನು ಗೆದ್ದ ಅರಸನು ದಾವೀದ. ಆದುದರಿಂದ ನಕ್ಷತ್ರವೆಂದರೆ ದಾವೀದನೇ ಎಂದು ಹಲವು ವ್ಯಾಖ್ಯಾನಕಾರರು ತಿಳಿದರು. ಆದರೆ ಕ್ರಿ. ಪೂ. 586ರ ಸುಮಾರಿನಲ್ಲಿ ಬಾಬಿಲೋನಿನವರು ಯೆರೂಸಲೇಮನ್ನು ಸುಟ್ಟು ದಾವೀದನ ವಂಶದ ಸಿಂಹಾಸನವನ್ನು ಉರುಳಿಸಿದ ಮೇಲೆ, ಆಗಿಹೋದುದನ್ನು ಹೇಳಿದ ಮಾತು ಆಗಬೇಕಾದುದನ್ನು ಹೇಳುವ ಮಾತಾಯಿತು. ಯೆಹೂದ್ಯರಲ್ಲಿ ಅರಸನ ತಲೆಗೆ ತೈಲವನ್ನೆರೆದು ಅಭಿಷೇಕ ಮಾಡುತ್ತಿದ್ದರು. ಅಭಿಷಿಕ್ತನೆಂಬುದೇ ಮೆಸ್ಸೀಯ ಎಂಬ ಶಬ್ದದ ಅರ್ಥ. ಅರಸನಿಲ್ಲದ ಜನರು ಬರಲಿರುವ ಅಭಿಷಿಕ್ತನನ್ನು ಹಳೆಯ ಗ್ರಂಥದಲ್ಲಿಯೇ ಅರಸತೊಡಗಿದರು.

ಅವರ ಓದು ಹೇಗೆ ನಡೆಯಿತೆಂಬುದಕ್ಕೆ ಸಾಕ್ಷಿಗಳು ಉಳಿದಿವೆ. ಕ್ರಿ. ಪೂ. ಮೂರನೆಯ ಶತಮಾನದ ಗ್ರೀಕ್ ಭಾಷಾಂತರದಲ್ಲಿ ರಾಜದಂಡವೆಂಬ ಶಬ್ದವಿದ್ದೆಡೆಯಲ್ಲಿ ಮನುಷ್ಯನೆಂಬ ಶಬ್ದ ಬಂದಿದೆ. 1910ರಲ್ಲಿ ಕೈರೋ ನಗರದ ಹಳೆಯ ಹಸ್ತಪ್ರತಿಗಳಿಂದ ಅಚ್ಚಾಗಿ, ಬಳಿಕ ಮೃತಸಮುದ್ರದ ತೀರದ ಕುಮ್ರಾನ್ ಗುಹೆಗಳಲ್ಲಿಯೂ ದೊರೆತ ದಮಸ್ಕದ ಗ್ರಂಥವು, ನಕ್ಷತ್ರವು ಧರ್ಮಶಾಸ್ತ್ರವನ್ನು ವಿವರಿಸುವ ಆಚಾರ್ಯನೆಂದೂ ರಾಜದಂಡವು ಸಮುದಾಯದ ನಾಯಕನೆಂದೂ ಅರ್ಥಮಾಡಿತು. ಓಂಕೆಲೋಸನ ಹೆಸರಿನ ಅರಾಮಿಕ್ ಭಾಷಾಂತರವಾದರೋ ನಕ್ಷತ್ರವನ್ನು ಅರಸನೆಂದೂ ರಾಜದಂಡವನ್ನು ಮೆಸ್ಸೀಯನೆಂದೂ ಬಿಡಿಸಿ ಬರೆಯಿತು. ಕ್ರೈಸ್ತರು ಇದೇ ವಾಕ್ಯವನ್ನು ಯೇಸುವಿಗೆ ಅನ್ವಯಿಸಿದರು. ಎರಡನೆಯ ಶತಮಾನದ ಜಸ್ಟಿನನ ಲೇಖನದಲ್ಲಿ ಇದು ಸ್ಪಷ್ಟವಾಗಿದೆ. ಒಂದು ವಾಕ್ಯ, ಓದಿದವರು ಹಲವರು, ಒಬ್ಬೊಬ್ಬರಿಗೂ ತಾವು ನಿರೀಕ್ಷಿಸುತ್ತಿದ್ದವನೇ ಅದರಲ್ಲಿ ಕಂಡನು.

ಇಷ್ಟರವರೆಗೆ ಇದು ವಿದ್ವಾಂಸರ ಮಾತು. ಇನ್ನು ಮುಂದೆ ಇದು ರಣರಂಗದ ಮಾತಾಯಿತು. ಕ್ರಿ. ಶ. 70ರಲ್ಲಿ ರೋಮನರು ಯೆರೂಸಲೇಮಿನ ದೇವಾಲಯವನ್ನು ನಾಶಮಾಡಿದ್ದರು. ಅದೇ ಸ್ಥಳದಲ್ಲಿ ಚಕ್ರವರ್ತಿ ಹೇಡ್ರಿಯನನು ತನ್ನ ಹೆಸರಿನ ಹೊಸ ನಗರವನ್ನೂ ಜುಪಿಟರ್ ದೇವನ ಗುಡಿಯನ್ನೂ ಎಬ್ಬಿಸಹೊರಟುದೇ ದಂಗೆಗೆ ಕಾರಣವೆಂದು ಚರಿತ್ರಕಾರ ಡಿಯೋ ಹೇಳಿರುತ್ತಾನೆ. 132ರಲ್ಲಿ ಯೆಹೂದ್ಯರು ಶಿಮೋನ್ ಬಾರ್ ಕೊಸಿಬನೆಂಬವನ ನೇತೃತ್ವದಲ್ಲಿ ಎದ್ದುನಿಂತರು. ಆ ಕಾಲದ ಮಹಾಪಂಡಿತನಾದ ಅಕಿವನು ಇವನನ್ನು ಕಂಡು, ಯಾಕೋಬನ ನಕ್ಷತ್ರವು ಇವನೇ, ಮೆಸ್ಸೀಯರಾಜನು ಇವನೇ ಎಂದು ಸಾರಿದನೆಂದು ಯೆರೂಸಲೇಮಿನ ತಲ್ಮೂದು ತಿಳಿಸುತ್ತದೆ. ಕೊಸಿಬನು ಕೊಖ್ಬನಾದನು, ಬಾರ್ ಕೊಖ್ಬ ಎಂದರೆ ನಕ್ಷತ್ರಪುತ್ರ. ಅಲ್ಲಿಯೇ ಇದ್ದ ಯೋಹನಾನ್ ಬೆನ್ ತೋರ್ತನೆಂಬ ಪಂಡಿತನು ಮಾತ್ರ ಒಪ್ಪಲಿಲ್ಲ. ಅಕಿವನು ಸತ್ತು ಅವನ ಕೆನ್ನೆಯ ಮೇಲೆ ಹುಲ್ಲು ಬೆಳೆದರೂ ದಾವೀದನ ಕುಮಾರನು ಬಂದಿರಲಾರನೆಂದು ಅವನು ಉತ್ತರವಿತ್ತನಂತೆ.

ಮೂರು ವರ್ಷಗಳ ಮೇಲೆ ಸ್ವಾತಂತ್ರ್ಯ ಉಳಿಯಿತು. ರೋಮನರ ನಾಣ್ಯಗಳ ಮೇಲೆಯೇ ದೇವಾಲಯದ ಚಿತ್ರವನ್ನು ಮತ್ತೆ ಮುದ್ರೆಯೊತ್ತಿ, ವಿಮೋಚನೆಯ ಮೊದಲ ವರ್ಷದಿಂದ ಕಾಲವನ್ನೆಣಿಸಿದರು. ಕೆಲವು ನಾಣ್ಯಗಳಲ್ಲಿ ದೇವಾಲಯದ ಮೇಲೆ ನಕ್ಷತ್ರದಂಥ ಚಿಹ್ನೆಯೂ ಉಂಟು. 135ರಲ್ಲಿ ಬೇತಾರ್ ಕೋಟೆ ಬಿದ್ದಿತು, ನಕ್ಷತ್ರಪುತ್ರನು ಮಡಿದನು. 50 ಕೋಟೆಗಳೂ 985 ಹಳ್ಳಿಗಳೂ ನಾಶವಾದುವೆಂದೂ ಯುದ್ಧದಲ್ಲಿ 5,80,000 ಜನ ಹತರಾದರೆಂದೂ ಡಿಯೋ ಬರೆದಿರುತ್ತಾನೆ. ಸಂಖ್ಯೆಯಲ್ಲಿ ಅತಿಶಯವಿರಬಹುದು; ದುಃಖದಲ್ಲಿ ಅತಿಶಯವಿಲ್ಲ. ಯೂದಾಯವೆಂಬ ಪ್ರಾಂತದ ಹೆಸರೇ ಅಳಿದು ಸಿರಿಯ ಪಾಲೆಸ್ತೀನವಾಯಿತು. ಅಕಿವನನ್ನು ರೋಮನರು ಚಿತ್ರಹಿಂಸೆಯಿಂದ ಕೊಂದರೆಂದು ಸಂಪ್ರದಾಯ. ಸೋತ ನಾಯಕನ ಹೆಸರನ್ನು ಮುಂದಿನವರು ಮತ್ತೆ ತಿರುಚಿ ಬಾರ್ ಕೊಜಿಬ, ಎಂದರೆ ಸುಳ್ಳಿನ ಮಗ, ಎಂದು ಕರೆದರು.

ಹಾಗಾದರೆ ಆ ಮನುಷ್ಯನು ತನ್ನನ್ನು ಏನೆಂದು ತಿಳಿದಿದ್ದನು? ಸಾವಿರದ ಎಂಟುನೂರು ವರ್ಷಗಳ ಮೇಲೆ ಇದಕ್ಕೆ ಅವನ ಓಲೆಗಳೇ ಸಾಕ್ಷಿಯಾದುವು. ಮುರಬ್ಬಆತಿನ ಗುಹೆಗಳಲ್ಲಿ 1950ರ ದಶಕದ ಮೊದಲಲ್ಲಿಯೂ, ನಹಲ್ ಹೆವೆರ್ ಕಣಿವೆಯ ಗುಹೆಯೊಂದರಲ್ಲಿ 1960ರಲ್ಲಿ ಯಿಗಾಏಲ್ ಯಾದಿನನ ತಂಡಕ್ಕೂ ಅವು ದೊರೆತುವು. ಅವುಗಳಲ್ಲಿ ಅವನು ಶಿಮೋನ್ ಬಾರ್ ಕೊಸಿಬನೇ. ಇಸ್ರಾಯೇಲಿನ ನಾಯಕನೆಂಬುದೇ ಅವನ ಬಿರುದು. ಮೆಸ್ಸೀಯನೆಂಬ ಮಾತಿಲ್ಲ, ನಕ್ಷತ್ರದ ಮಾತಿಲ್ಲ. ಗೋಧಿಯನ್ನು ವಶಪಡಿಸಿಕೊಳ್ಳಿರೆಂದು ಅಪ್ಪಣೆ, ಆಜ್ಞೆ ಮೀರಿದರೆ ಬೇಡಿ ತೊಡಿಸುವೆನೆಂದು ಗದರಿಕೆ, ಪರ್ಣಶಾಲೆಗಳ ಹಬ್ಬಕ್ಕೆ ಖರ್ಜೂರದ ಗರಿಗಳನ್ನೂ ಮಾದಳದ ಹಣ್ಣುಗಳನ್ನೂ ಕಳುಹಿಸಿರೆಂದು ಆದೇಶ, ಇವೇ ಅಲ್ಲಿನ ವಿಷಯಗಳು. ಯುದ್ಧದ ನಡುವೆಯೂ ಹಬ್ಬವನ್ನು ಬಿಡಲೊಲ್ಲದ ದಣಿದ ದಂಡನಾಯಕನೊಬ್ಬನು ಆ ಓಲೆಗಳಲ್ಲಿ ನಮಗೆ ಕಾಣುತ್ತಾನೆ. ನಕ್ಷತ್ರವನ್ನು ಅವನ ಹಣೆಗೆ ಹಚ್ಚಿದವರು ಬೇರೆಯವರು. ಸುಳ್ಳನ್ನು ಹಚ್ಚಿದವರೂ ಬೇರೆಯವರೇ.

ಹನ್ನೆರಡನೆಯ ಶತಮಾನದಲ್ಲಿ ಮೈಮೋನಿದೀಸನೆಂಬ ಯೆಹೂದ್ಯ ದಾರ್ಶನಿಕನು ಈ ಇತಿಹಾಸವನ್ನು ಮರೆಯಲಿಲ್ಲ. ಆ ವಾಕ್ಯವು ಮೊದಲ ಅಭಿಷಿಕ್ತನಾದ ದಾವೀದನನ್ನೂ ಕಡೆಯ ಅಭಿಷಿಕ್ತನನ್ನೂ ಕೂಡಿಯೇ ಹೇಳುವುದೆಂದು ಅವನು ನಿರ್ಣಯಿಸಿದನು. ಅಕಿವನಂಥ ಜ್ಞಾನಿಯೇ ವ್ಯಕ್ತಿಯನ್ನು ಗುರುತಿಸುವುದರಲ್ಲಿ ತಪ್ಪಿದನೆಂಬುದನ್ನೂ ಮುಚ್ಚಿಡದೆ ಬರೆದನು. ಆಶೆಯನ್ನು ಬಿಡಲಿಲ್ಲ; ಆತುರವನ್ನು ಬಿಟ್ಟನು.

ಮೂಲಗ್ರಂಥದ ಅಕ್ಷರಗಳು ಅಂದಿನಂತೆಯೇ ಇಂದೂ ಇವೆ. ಅವುಗಳಲ್ಲಿ ಗೂಢಾರ್ಥವಿದೆಯೋ ಇಲ್ಲವೋ ಎಂಬುದನ್ನು ಅವರವರ ಶ್ರದ್ಧೆ ನಿರ್ಣಯಿಸಲಿ. ಚರಿತ್ರೆ ನಮಗೆ ಕಲಿಸುವುದು ಇಷ್ಟು: ಕಷ್ಟದಲ್ಲಿರುವ ಜನರು ಗ್ರಂಥವನ್ನು ಕಣ್ಣಿನಿಂದ ಮಾತ್ರ ಓದುವುದಿಲ್ಲ, ಗಾಯದಿಂದಲೂ ಓದುತ್ತಾರೆ. ಆ ಓದನ್ನು ನಾವು ಹಾಸ್ಯ ಮಾಡಲಾಗದು. ಆದರೆ ಎದುರಿಗೆ ನಿಂತ ಮನುಷ್ಯನನ್ನು ತೋರಿಸಿ ಗ್ರಂಥವು ಹೇಳಿದವನು ಇವನೇ ಎನ್ನುವ ಮೊದಲು, ಬೇತಾರಿನ ಬೂದಿಯನ್ನು ಒಮ್ಮೆ ನೆನೆಯುವುದು ಲೇಸು.