ಪರಿಸರ ಪಾಲನೆಯ ಕಥೋಲಿಕ ಬೋಧನೆ

ಸೃಷ್ಟಿಯ ರಕ್ಷಣೆ ಮತ್ತು ಬಡವರಿಗೆ ನ್ಯಾಯ ಎರಡೂ ಒಂದೇ ಹೊಣೆ ಎಂದು ಸಾರುವ, ಕಥೋಲಿಕ ಧರ್ಮಸಭೆಯ ಉಪದೇಶ.

ಮೂಲ: ಬೈಬಲಿನ ಆದಿಕಾಂಡದ ಪ್ರಕಾರ ದೇವರು ಮನುಷ್ಯನಿಗೆ ತೋಟವನ್ನು ವಹಿಸಿದ್ದು ಉಳುವುದಕ್ಕೂ ಕಾಯುವುದಕ್ಕೂ. ಪ್ರತಿ ಏಳನೆಯ ವರ್ಷ ಹೊಲವನ್ನು ಬೀಳು ಬಿಡಬೇಕೆಂಬುದು ಯಾಜಕಕಾಂಡದ ವಿಧಿ. 13ನೆಯ ಶತಮಾನದಲ್ಲಿ ಸಂತ ಫ್ರಾನ್ಸಿಸ್ ಅಸ್ಸೀಸಿ ನೀರು, ಗಾಳಿ, ಸೂರ್ಯರನ್ನು ಒಡಹುಟ್ಟಿದವರಂತೆ ಕಂಡು ಹಾಡಿದರು.

ಬೆಳವಣಿಗೆ: ನಿಸರ್ಗವನ್ನು ಸೂರೆ ಮಾಡಿದರೆ ಅದರ ಪೆಟ್ಟು ಮನುಷ್ಯನಿಗೇ ಬೀಳುತ್ತದೆಂದು ಪೋಪ್ ಆರನೆಯ ಪೌಲ್ 1971ರಲ್ಲೇ ಎಚ್ಚರಿಸಿದ್ದರು. ಪೋಪ್ ಎರಡನೆಯ ಜಾನ್ ಪೌಲ್ 1979ರಲ್ಲಿ ಅಸ್ಸೀಸಿಯ ಫ್ರಾನ್ಸಿಸರನ್ನು ಪರಿಸರದ ಪಾಲಕ ಸಂತರೆಂದು ಘೋಷಿಸಿದರು. 1990ರ ವಿಶ್ವಶಾಂತಿ ದಿನದ ಸಂದೇಶವನ್ನು ಇದೇ ವಿಷಯಕ್ಕೆ ಮೀಸಲಿಟ್ಟರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಹೊರಡಿಸಿದ ‘ಲೌದಾತೊ ಸಿ’ ಪೂರ್ತಿಯಾಗಿ ಪರಿಸರವನ್ನೇ ಕುರಿತ ಮೊದಲ ವಿಶ್ವಪತ್ರ. ಕುಡಿಯುವ ಶುದ್ಧ ನೀರು ಮೂಲಭೂತ ಮಾನವ ಹಕ್ಕು ಎಂದು ಅದು ಸ್ಪಷ್ಟವಾಗಿ ಹೇಳಿತು. ಕಥೋಲಿಕ ಧರ್ಮಸಭೆಯಲ್ಲಿ ಸೆಪ್ಟೆಂಬರ್ 1 ಸೃಷ್ಟಿಗಾಗಿ ಪ್ರಾರ್ಥನೆಯ ದಿನವಾದದ್ದೂ ಅದೇ ವರ್ಷ. ಪೋಪ್ ಫ್ರಾನ್ಸಿಸರದೇ 2023ರ ಪತ್ರ ‘ಲೌದಾತೆ ದೇಉಮ್’ ಹವಾಮಾನ ಬಿಕ್ಕಟ್ಟಿನ ಬಗ್ಗೆ ಮತ್ತಷ್ಟು ನಿಷ್ಠುರವಾಗಿ ಮಾತಾಡಿತು. ಕರ್ನಾಟಕದಲ್ಲಿ ಮಂಗಳೂರು ಧರ್ಮಪ್ರಾಂತ್ಯವು ಮಳೆನೀರು ಕೊಯ್ಲನ್ನು ಕೈಗೆತ್ತಿಕೊಂಡಿದೆ.

ಬಾಗಲಕೋಟೆ ಸೀಮೆಗೆ ಪ್ರಸ್ತುತತೆ: ಯಾವುದೇ ಯೋಜನೆಗೆ ಮುನ್ನ ಅದು ಯಾತಕ್ಕೆ, ಯಾರಿಗಾಗಿ, ಅದರ ಅಪಾಯವೇನು, ಬೆಲೆ ತೆರುವವರು ಯಾರು ಎಂದು ಕೇಳಬೇಕು, ಸ್ಥಳೀಯರ ಮಾತಿಗೆ ವಿಶೇಷ ಮನ್ನಣೆ ಇರಬೇಕು ಎನ್ನುತ್ತದೆ 2015ರ ಪತ್ರ. ಮುಳುಗಡೆ ಜಿಲ್ಲೆಗೆ ಈ ಪ್ರಶ್ನೆಗಳು ಹೊಸವಲ್ಲ. 519.6 ಮೀಟರಿಗೆ ನೀರು ನಿಲ್ಲುವ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆ ಬಾಗಲಕೋಟೆಯ ಒಂದು ಭಾಗ ಮುಳುಗಿತು. ಸಂತ್ರಸ್ತರು ಹೊಸದಾಗಿ ಕಟ್ಟಿದ ನವನಗರಕ್ಕೆ ಬಂದರು. ನೀರು ನಿಲ್ಲುವ ಎತ್ತರವನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣ 2010ರಲ್ಲಿ ಒಪ್ಪಿದ್ದು, ಏರಿಸಿದರೆ ಇನ್ನಷ್ಟು ಜಮೀನು ನೀರಿನ ಪಾಲಾಗುತ್ತದೆ. ನೀರಿನ ಪೆಟ್ಟು ಅಣೆಕಟ್ಟಿನಿಂದಷ್ಟೇ ಅಲ್ಲ: 2019ರ ಆಗಸ್ಟ್‌ನಲ್ಲಿ ಮಲಪ್ರಭಾ ನದಿ ಉಕ್ಕಿ ಪಟ್ಟದಕಲ್ಲಿನ ಗುಡಿಗಳಿಗೂ ನುಗ್ಗಿದಳು. ಇಳಕಲ್ಲಿನ ಕೆಂಪು ಗ್ರಾನೈಟ್ ಕ್ವಾರಿಗಳೂ ಇಂಥದೇ ಲೆಕ್ಕ ಕೇಳುತ್ತವೆ: ಕಲ್ಲು ದೂರದೂರಿಗೆ ಹೋಗುತ್ತದೆ, ಧೂಳು ಮತ್ತು ಹೊಂಡ ಇಲ್ಲೇ ಉಳಿಯುತ್ತವೆ.

ಈ ಸೀಮೆಯಲ್ಲಿ ಕಥೋಲಿಕರು ಕೆಲವರೇ. ಆದರೆ ‘ಲೌದಾತೊ ಸಿ’ ಭೂಮಿಯ ಮೇಲಿನ ಎಲ್ಲರನ್ನೂ ಉದ್ದೇಶಿಸಿದ್ದು. ದುಡಿದದ್ದನ್ನು ಹಂಚಿಕೊಂಡು ಬಾಳಬೇಕೆಂಬ ಶರಣರ ಕಾಯಕ-ದಾಸೋಹ ತತ್ತ್ವಕ್ಕೆ ಅದು ದೂರದ್ದಲ್ಲ; ಶರಣರ ಕೂಡಲಸಂಗಮವೂ ಹುನಗುಂದದ ನೆರೆಯಲ್ಲೇ ಇದೆ. ಹೊಲ ಕಳೆದುಕೊಳ್ಳುವವರನ್ನು ಮೊದಲು ಕೇಳಬೇಕು ಎಂಬಲ್ಲಿ ಎರಡು ಪರಂಪರೆಗಳೂ ಒಟ್ಟಿಗೆ ನಿಲ್ಲಬಲ್ಲವು.