ಸೇಡಿನ ಖಳಕೂಟಗಳು (ಅಮೆರಿಕದ ಕಾಮಿಕ್ಸ್)

ಒಬ್ಬೊಬ್ಬರಾಗಿ ಸೋತ ಖಳರು ಹಳೆಯ ಮುಯ್ಯಿ ತೀರಿಸಿಕೊಳ್ಳಲು ಒಂದಾಗುವುದು ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್‌ಗಳಲ್ಲಿ ಮತ್ತೆ ಮತ್ತೆ ಬರುವ ಕಥಾವಸ್ತು. ಕೂಟ ಕಟ್ಟುವುದೂ ಅದನ್ನು ಒಡೆಯುವುದೂ ಅದೇ ಸೇಡು. ಹಗೆ ಎಲ್ಲರಿಗೂ ಒಬ್ಬನ ಮೇಲೇ ಇದ್ದರೂ ಅವನನ್ನು ಮುಗಿಸಿದ ಹೆಮ್ಮೆ ಮಾತ್ರ ತನಗೇ ಬೇಕೆಂಬುದು ಪ್ರತಿಯೊಬ್ಬನ ಹಟ.

ಈ ಬಗೆಯ ಕೂಟ 1940ರ ದಶಕದಲ್ಲೇ ಕಾಣಿಸಿಕೊಂಡಿತು. 1947ರ ‘ಆಲ್ ಸ್ಟಾರ್ ಕಾಮಿಕ್ಸ್’ 37ನೇ ಸಂಚಿಕೆಯಲ್ಲಿ ಜಸ್ಟಿಸ್ ಸೊಸೈಟಿಗೆ ಎದುರಾಗಿ ವಿಜರ್ಡ್, ಬ್ರೇನ್ ವೇವ್, ವ್ಯಾಂಡಲ್ ಸ್ಯಾವೇಜ್ ಮೊದಲಾದವರ ಇನ್‌ಜಸ್ಟಿಸ್ ಸೊಸೈಟಿ ಹುಟ್ಟಿತು. ಹೆಸರೇ ಹೇಳುವಂತೆ ಅದು ನಾಯಕರ ತಂಡದ ತಲೆಕೆಳಗಾದ ನೆರಳು. 1954ರಲ್ಲಿ ಪ್ರಕಾಶಕರು ತಾವೇ ಹಾಕಿಕೊಂಡ ಕಾಮಿಕ್ಸ್ ಸಂಹಿತೆಯ ಪ್ರಕಾರ ಕಥೆಯ ಕೊನೆಗೆ ಅಪರಾಧಿಗೆ ಶಿಕ್ಷೆ ಆಗಲೇಬೇಕಿತ್ತು. ಸೋತ ಖಳ ಜೈಲು ಸೇರುತ್ತಿದ್ದ, ಮುಂದೊಂದು ಸಂಚಿಕೆಯಲ್ಲಿ ಹಗೆ ಹೊತ್ತು ಹೊರಬರುತ್ತಿದ್ದ. ಸೇಡಿನ ಕಥೆಗೆ ಇದಕ್ಕಿಂತ ಒಳ್ಳೆಯ ಗೊಬ್ಬರ ಬೇಕಿರಲಿಲ್ಲ.

ಈ ವಸ್ತು ಮೈದುಂಬಿಕೊಂಡದ್ದು 1964ರಲ್ಲಿ, ಮಾರ್ವೆಲ್ ಪ್ರಕಟಿಸಿದ ಎರಡು ಕಥೆಗಳಲ್ಲಿ. ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ‘ಅವೆಂಜರ್ಸ್’ 6ನೇ ಸಂಚಿಕೆಯಲ್ಲಿ ಮಾಸ್ಟರ್ಸ್ ಆಫ್ ಈವಿಲ್ ಕೂಟವನ್ನು ತಂದರು. ಅದರ ನಾಯಕ ನಾಜಿ ವಿಜ್ಞಾನಿ ಬ್ಯಾರನ್ ಜೆಮೋ. ಯುದ್ಧಕಾಲದಲ್ಲಿ ಕ್ಯಾಪ್ಟನ್ ಅಮೆರಿಕನೊಡನೆ ಕಾದಾಡುವಾಗ ತಾನೇ ತಯಾರಿಸಿದ ಅಂಟು ಚೆಲ್ಲಿ, ಮುಖಗವುಸು ಅವನ ಮುಖಕ್ಕೆ ಶಾಶ್ವತವಾಗಿ ಅಂಟಿಕೊಂಡಿತ್ತು. ಕಳಚಲಾಗದ ಮುಖವಾಡವೇ ಕಳಚಲಾಗದ ಹಗೆ. ಕರ್ಬಿ ಅದನ್ನು ವಿವರಿಸುವ ಗೋಜಿಗೆ ಹೋಗದೆ ಬರೆದು ತೋರಿಸಿದ್ದಾರೆ.

ಅದೇ ವರ್ಷ ಸ್ಪೈಡರ್‌ಮ್ಯಾನ್‌ನ ಮೊದಲ ವಾರ್ಷಿಕ ವಿಶೇಷಾಂಕದಲ್ಲಿ ಲೀ ಮತ್ತು ಸ್ಟೀವ್ ಡಿಟ್ಕೊ ‘ಸಿನಿಸ್ಟರ್ ಸಿಕ್ಸ್’ ಸೃಷ್ಟಿಸಿದರು: ಡಾಕ್ಟರ್ ಆಕ್ಟೋಪಸ್, ವಲ್ಚರ್, ಎಲೆಕ್ಟ್ರೋ, ಕ್ರೇವನ್, ಮಿಸ್ಟೀರಿಯೋ, ಸ್ಯಾಂಡ್‌ಮ್ಯಾನ್. ಮಹಾಭಾರತದಲ್ಲಿ ಅಭಿಮನ್ಯುವಿನ ಮೇಲೆ ಷಡ್ರಥರು ಒಟ್ಟಾಗಿ ಮುಗಿಬಿದ್ದರು. ಇಲ್ಲಿಯ ಆರು ಮಂದಿ ಸರದಿ ಗೊತ್ತುಮಾಡಿಕೊಂಡು ಒಬ್ಬೊಬ್ಬರಾಗಿ ಎದುರಾಗುತ್ತಾರೆ, ಒಬ್ಬೊಬ್ಬರಾಗಿಯೇ ಸೋಲುತ್ತಾರೆ. ಯುದ್ಧತಂತ್ರವಾಗಿ ಇದು ಶುದ್ಧ ದಡ್ಡತನ. ಆದರೆ ಪ್ರತಿ ಕಾಳಗಕ್ಕೂ ಇಡೀ ಪುಟದ ಒಂದು ಚಿತ್ರ ಬರೆಯಲು ಡಿಟ್ಕೊಗೆ ಅವಕಾಶ ಸಿಕ್ಕಿದ್ದು ಈ ದಡ್ಡತನದಿಂದಲೇ. ಇತ್ತ ಸ್ಪೈಡರ್‌ಮ್ಯಾನ್ ಆಗಿರುವ ಪೀಟರ್ ಪಾರ್ಕರ್ ಬೆನ್ ಚಿಕ್ಕಪ್ಪನ ಸಾವಿನ ಅಪರಾಧಪ್ರಜ್ಞೆಯಿಂದ ಕೆಲಕಾಲ ಶಕ್ತಿಯನ್ನೇ ಕಳೆದುಕೊಂಡಿರುತ್ತಾನೆ. ಅತ್ತ ಒತ್ತೆಯಾಳಾಗಿರುವ ಮೇ ಚಿಕ್ಕಮ್ಮನ ಕಣ್ಣಿಗೆ ಡಾಕ್ಟರ್ ಆಕ್ಟೋಪಸ್ ತುಂಬ ಮರ್ಯಾದಸ್ಥ ಮನುಷ್ಯ!

ಒಬ್ಬೊಬ್ಬರಾಗಿ ಹೋಗುವ ಈ ತಪ್ಪು ತಿದ್ದಿಕೊಂಡ ಕೂಟ ಬರಲು ಇಪ್ಪತ್ತೆರಡು ವರ್ಷ ಹಿಡಿಯಿತು. 1986–87ರಲ್ಲಿ ರೋಜರ್ ಸ್ಟರ್ನ್ ಬರೆದು ಜಾನ್ ಬ್ಯುಸೆಮಾ ಚಿತ್ರಿಸಿದ ‘ಅಂಡರ್ ಸೀಜ್’ ಕಥಾಸರಣಿಯಲ್ಲಿ ಜೆಮೋನ ಮಗ ಹೆಲ್ಮುಟ್ ದೊಡ್ಡದೊಂದು ಖಳಪಡೆ ಕಟ್ಟಿ ವೀರರ ತಂಡವಾದ ಅವೆಂಜರ್ಸ್‌ನ ಬಂಗಲೆಯನ್ನೇ ವಶಪಡಿಸಿಕೊಳ್ಳುತ್ತಾನೆ. ಹರ್ಕ್ಯುಲಿಸ್ ಏಟು ತಿಂದು ಪ್ರಜ್ಞೆ ತಪ್ಪುತ್ತಾನೆ, ಮನೆಯಾಳು ಜಾರ್ವಿಸ್ ಚಿತ್ರಹಿಂಸೆ ಅನುಭವಿಸುತ್ತಾನೆ. ಓದುಗನನ್ನು ಹೆಚ್ಚು ಕಲಕುವುದು ಮಾತ್ರ ಈ ಹೊಡೆದಾಟಗಳಲ್ಲ, ಕ್ಯಾಪ್ಟನ್ ಅಮೆರಿಕ ಜತನವಾಗಿಟ್ಟ ತಾಯಿಯ ಫೋಟೋವನ್ನು ಅವನ ಕಣ್ಣೆದುರೇ ಹರಿಯುವ ದೃಶ್ಯ.

1989ರಲ್ಲಿ ಮಾರ್ವೆಲ್‌ನ ಹಲವು ಪತ್ರಿಕೆಗಳಲ್ಲಿ ಹರಡಿಕೊಂಡು ಶುರುವಾದ ‘ಆಕ್ಟ್ಸ್ ಆಫ್ ವೆಂಜನ್ಸ್’ ಬೇರೆ ದಾರಿ ಹಿಡಿಯಿತು. ವೇಷ ಮರೆಸಿಕೊಂಡ ಲೋಕಿ ಡಾಕ್ಟರ್ ಡೂಮ್, ಕಿಂಗ್‌ಪಿನ್, ಮ್ಯಾಗ್ನೆಟೊ, ರೆಡ್ ಸ್ಕಲ್ ಮುಂತಾದವರನ್ನು ಒಟ್ಟುಗೂಡಿಸಿ, ಶತ್ರುಗಳನ್ನು ಅದಲುಬದಲು ಮಾಡಿಕೊಳ್ಳುವ ಉಪಾಯ ಹೇಳಿಕೊಡುತ್ತಾನೆ. ಅವನಿಗೂ ಸ್ವಂತ ಹಗೆಯಿದೆ: 1963ರಲ್ಲಿ ಥಾರ್ ಮೇಲೆ ಅವನು ಹೂಡಿದ ಸಂಚೇ ಅವೆಂಜರ್ಸ್ ಒಂದಾಗಲು ಕಾರಣವಾಗಿತ್ತು. ಸರಣಿಯ ಬಹುಪಾಲು ಸಂಚಿಕೆಗಳು ತೆಳು. ಆದರೆ ‘ಕ್ಯಾಪ್ಟನ್ ಅಮೆರಿಕ’ 367ನೇ ಸಂಚಿಕೆ ಹಾಗಲ್ಲ. ನಾಜಿ ಯಾತನಾಶಿಬಿರದಿಂದ ಬದುಕುಳಿದು ಬಂದ ಮ್ಯಾಗ್ನೆಟೊ ತನ್ನದೇ ಕೂಟದಲ್ಲಿದ್ದ ನಾಜಿ ರೆಡ್ ಸ್ಕಲ್‌ನನ್ನು ಬೇಟೆಯಾಡಿ ಹಿಡಿದು, ಒಂದಿಷ್ಟು ನೀರು ಬಿಟ್ಟು ನೆಲದಡಿಯ ಕತ್ತಲಲ್ಲಿ ಕೂಡಿಹಾಕುತ್ತಾನೆ.

1997ರ ‘ಥಂಡರ್‌ಬೋಲ್ಟ್ಸ್’ ಮೊದಲ ಸಂಚಿಕೆ ಈ ವಸ್ತುವನ್ನೇ ಮಗುಚಿಹಾಕಿತು. ಅವೆಂಜರ್ಸ್ ಸತ್ತರೆಂದು ಜಗತ್ತು ನಂಬಿರುವ ಹೊತ್ತಿನಲ್ಲಿ ಹೊಸ ವೀರರ ತಂಡವೊಂದು ಜನರ ಮನಸ್ಸು ಗೆಲ್ಲುತ್ತದೆ. ಅವರು ವೇಷ ಬದಲಿಸಿದ ಮಾಸ್ಟರ್ಸ್ ಆಫ್ ಈವಿಲ್, ನಾಯಕ ಹೆಲ್ಮುಟ್ ಜೆಮೋ ಎಂಬ ಗುಟ್ಟನ್ನು ಕರ್ಟ್ ಬ್ಯೂಸಿಕ್ ಮತ್ತು ಮಾರ್ಕ್ ಬ್ಯಾಗ್ಲಿ ಬಿಚ್ಚಿದ್ದು ಕೊನೆಗೆ. ಜನರ ಚಪ್ಪಾಳೆ ಕೆಲವರಿಗೆ ನಿಜಕ್ಕೂ ಹಿಡಿಸಿಬಿಟ್ಟಿತು; ವರ್ಷ ತುಂಬುವಷ್ಟರಲ್ಲಿ ಅವರು ಜೆಮೋನ ವಿರುದ್ಧವೇ ತಿರುಗಿಬಿದ್ದರು.