ಸೈರಂಧ್ರಿ ಕೇಳಿದ ಹದಿಮೂರು ದಿನ

ಹಾನಗಲ್ಲಿಗೆ ವಿರಾಟನಗರಿ ಎಂಬ ಹೆಸರೂ ಉಂಟು. ಹಳೆಯ ಶಾಸನಗಳಲ್ಲಿಯೂ ಊರನ್ನು ವಿರಾಟನಕೋಟೆ ಎಂದು ಕರೆದಿದೆ. ರಾಜಸ್ಥಾನದ ಬೈರಾಟ ಕೂಡ ಈ ಹೆಸರಿಗೆ ಹಕ್ಕುದಾರ. ಆ ವ್ಯಾಜ್ಯ ನಮಗೆ ಬೇಡ. ಊರಿನ ಬದಿಯ ದಿಬ್ಬವನ್ನು ಜನ ಕುಂತಿ ದಿಬ್ಬ ಎನ್ನುತ್ತಾರೆ. ವ್ಯಾಸಭಾರತದ ಕುಂತಿ ವನವಾಸಕ್ಕಾಗಲಿ ಅಜ್ಞಾತವಾಸಕ್ಕಾಗಲಿ ಹೋದವಳಲ್ಲ, ವಿದುರನ ಮನೆಯಲ್ಲಿ ಉಳಿದವಳು. ಹಾಗೆ ಹಿಂದೆ ಉಳಿದ ತಾಯಿಯನ್ನು ಈ ಊರಿನವರು ಕರೆತಂದು ಒಂದು ದಿಬ್ಬವನ್ನೇ ಕೊಟ್ಟಿದ್ದಾರೆ. ಪುರಾಣ ಜನರ ಕೈಯಲ್ಲಿ ಹೀಗೆ ಬದಲಾಗುತ್ತ ಬಂದಿದೆ.

ಆದರೆ ಈ ನಗರಿಯ ಮುಖ್ಯ ಕಥೆ ಸೈರಂಧ್ರಿಯದು. ಉರ್ದು ಶಾಲೆಯಲ್ಲಿ ಓದುತ್ತಿದ್ದ ನನಗೆ ಅವಳು ಮೊದಲು ಸಿಕ್ಕಿದ್ದು ದೊಡ್ಡಾಟದಲ್ಲಿ. ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದ ಶರೀಫರು ಗೋವಿಂದಭಟ್ಟರ ಶಿಷ್ಯರಾದ ಸೀಮೆ ಇದು. ಹಾನಗಲ್ಲ, ಸವಣೂರು, ಹಿರೇಕೆರೂರ ಕಡೆಯ ಹಳ್ಳಿಗಳಲ್ಲಿ ಸಾಬರ ಹುಡುಗ ಭಾರತದ ಆಟಕ್ಕೆ ಕಂಬಳಿ ಹಾಸಿ ಕೂತರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಆಟದ ಹೆಸರು ಕೀಚಕವಧೆ. ಎಲ್ಲರೂ ಕಾಯುತ್ತಿದ್ದುದು ಭೀಮನಿಗಾಗಿ.

ದೊಡ್ಡವನಾದ ಮೇಲೆ ವಿರಾಟಪರ್ವ ಓದಿದಾಗ ಬೇರೆಯೇ ಕಥೆ ಕಂಡಿತು. ಸುರೆ ತರುವ ನೆಪದಲ್ಲಿ ಅವಳನ್ನು ಕೀಚಕನ ಮನೆಗೆ ಕಳಿಸಿದವಳು ರಾಣಿ ಸುದೇಷ್ಣೆ, ಅಂದರೆ ಇನ್ನೊಬ್ಬ ಹೆಣ್ಣು. ತಪ್ಪಿಸಿಕೊಂಡು ಅವಳು ರಾಜಸಭೆಗೆ ಓಡುತ್ತಾಳೆ. ಅಲ್ಲಿ ಎಲ್ಲರ ಕಣ್ಣೆದುರೇ ಕೀಚಕ ಒದೆಯುತ್ತಾನೆ. ನಿಮ್ಮ ಜಗಳ ನಾವು ಕಂಡದ್ದಲ್ಲ, ನಿಜ ತಿಳಿಯದೆ ಏನು ನ್ಯಾಯ ಹೇಳಲಿ ಎನ್ನುತ್ತಾನೆ ವಿರಾಟ. ಕಂಕನ ವೇಷದ ಧರ್ಮರಾಜನೋ, ನಟಿಯಂತೆ ಅತ್ತು ಪಗಡೆಯಾಟ ಕೆಡಿಸಬೇಡ ಎಂದು ಅವಳನ್ನೇ ಗದರುತ್ತಾನೆ. ಕೀಚಕ ಸತ್ತ ಮೇಲೆ ಅವನ ತಮ್ಮಂದಿರು ಸಾವಿಗೆ ಇವಳೇ ಕಾರಣವೆಂದು ಹೆಣದ ಜೊತೆ ಸುಡಲು ಎಳೆದೊಯ್ಯುತ್ತಾರೆ; ಅದಕ್ಕೂ ರಾಜನ ಒಪ್ಪಿಗೆ ಇತ್ತು. ಅಲ್ಲಿಂದಲೂ ಅವಳು ಪಾರಾದಾಗ ಊರು ಭಯಪಟ್ಟಿತು.

1907ರಲ್ಲಿ ಖಾಡಿಲ್ಕರರು ಮರಾಠಿಯಲ್ಲಿ ‘ಕೀಚಕವಧ’ ನಾಟಕ ಬರೆದರು. ಕೀಚಕನಲ್ಲಿ ಜನ ಲಾರ್ಡ್ ಕರ್ಜನ್ನನನ್ನು ಕಂಡರು, ದ್ರೌಪದಿ ಭಾರತಮಾತೆಯಾದಳು. 1910ರಲ್ಲಿ ಸರಕಾರ ನಾಟಕವನ್ನು ನಿಷೇಧಿಸಿತು. ಆಗ ಹಾನಗಲ್ಲೂ ಮುಂಬಯಿ ಇಲಾಖೆಯಲ್ಲೇ ಇತ್ತು. ನಾಟಕದ ಧೈರ್ಯ ದೊಡ್ಡದು, ನಿಜ. ಆದರೂ ಒದೆ ತಿಂದ ಹೆಣ್ಣು ದೇಶದ ಗುರುತಾದ ಮೇಲೆ ಅವಳ ಬೆನ್ನಿನ ನೋವನ್ನು ವಿಚಾರಿಸುವವರು ಯಾರು?

2024ರ ಜನವರಿಯಲ್ಲಿ ಇದೇ ಹಾನಗಲ್ಲಿನಲ್ಲಿ ಯುವಕರ ಗುಂಪೊಂದು ಲಾಡ್ಜಿನ ಕೋಣೆಗೆ ನುಗ್ಗಿ, ಅನ್ಯಧರ್ಮದ ಗಂಡಸಿನೊಂದಿಗಿದ್ದ ಮುಸ್ಲಿಂ ಹೆಣ್ಣುಮಗಳನ್ನು ಥಳಿಸಿತು, ಅದನ್ನು ಮೊಬೈಲಿನಲ್ಲಿ ಚಿತ್ರಿಸಿತು. ತನ್ನ ಮೇಲೆ ಸಾಮೂಹಿಕ ಅತ್ಯಾಚಾರವಾಯಿತೆಂದು ಆಕೆ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಟ್ಟಳು. ಆರೋಪಿಗಳು ನಮ್ಮವರೇ. ಸಮುದಾಯದ ಮಾನ ಕಾಯುತ್ತೇವೆ ಎಂದು ಹೊರಟವರಿಗೆ ಆ ಹೆಣ್ಣಿನ ಮಾನ ಕಾಣಲಿಲ್ಲ. ನಮ್ಮಲ್ಲಿ ಹಲವರು ಬಾಯಿ ಬಿಡಲಿಲ್ಲ. ನಾನೂ ಬಹಳ ದಿನ ಸುಮ್ಮನಿದ್ದವನೇ. ಮಾತಾಡಿದರೆ ನಮ್ಮ ವೈರಿಗಳಿಗೆ ಅಸ್ತ್ರ ಸಿಗುತ್ತದೆಂಬ ಅಂಜಿಕೆ. ಇತ್ತ ರಾಜಕೀಯದವರಿಗೆ ಆಕೆ ಭಾಷಣದ ವಸ್ತುವಾದಳು. 2025ರ ಮೇ ತಿಂಗಳಲ್ಲಿ ಜಾಮೀನು ಸಿಕ್ಕ ಆರೋಪಿಗಳನ್ನು ಕಾರುಗಳ ಮೆರವಣಿಗೆಯಲ್ಲಿ ಕರೆತಂದರು. ಪೊಲೀಸರು ಅದಕ್ಕೂ ಮೊಕದ್ದಮೆ ಹಾಕಿದರು. ಅಪರಾಧ ಯಾರದೆಂದು ತೀರ್ಮಾನಿಸುವುದು ನ್ಯಾಯಾಲಯ. ಆದರೆ ಮೆರವಣಿಗೆ ನೋಡಿದ ದಿನ ನನಗೆ ಪಗಡೆ ಹಾಸಿದ ಆ ರಾಜಸಭೆ ನೆನಪಾಯಿತು.

ವಿರಾಟಪರ್ವದಲ್ಲಿ ಮುಂದೆ ನಡೆಯುವುದನ್ನು ನಾನು ಕಂಡ ಯಾವ ಆಟವೂ ತೋರಿಸಲಿಲ್ಲ. ಇವಳು ಇಲ್ಲಿದ್ದರೆ ಊರು ಹಾಳಾದೀತೆಂದು ಜನ ದೊರೆಯ ಬಳಿ ಹೋಗುತ್ತಾರೆ. ದೊರೆ ರಾಣಿಗೆ ಹೇಳಿಕಳಿಸುತ್ತಾನೆ. ಎಲ್ಲಿಗಾದರೂ ಹೊರಟುಹೋಗು ಎಂದು ರಾಣಿ ಸೈರಂಧ್ರಿಗೆ ಹೇಳುತ್ತಾಳೆ. ಸೈರಂಧ್ರಿ ಜಗಳಾಡುವುದಿಲ್ಲ. ಇನ್ನು ಹದಿಮೂರು ದಿನ ಇರಲು ಬಿಡಿ ಎಂದಷ್ಟೇ ಕೇಳುತ್ತಾಳೆ. ನಮ್ಮೂರ ಆಟದಲ್ಲಿ ಅಷ್ಟೊತ್ತಿಗೆ ಕೀಚಕ ಸತ್ತು, ಮಂಗಳಾರತಿಯಾಗಿ, ಜನ ಕಂಬಳಿ ಕೊಡವಿಕೊಂಡು ಮನೆಯ ಹಾದಿ ಹಿಡಿದಿರುತ್ತಿದ್ದರು.